ಒಂದೇ ಟೈಟಾನಿಯಂ ಸರಳು, ಎರಡು ಕಾರ್ಬನ್ ಲೆಕ್ಕ

ಪ್ರಶ್ನೆ: ಒಂದು ಟೈಟಾನಿಯಂ ಸರಳನ್ನು ಎರಡು ತುಂಡು ಮಾಡಿ ಎರಡು ಲ್ಯಾಬ್‌ಗಳಿಗೆ ಕೊಟ್ಟೆವು. ಕಾರ್ಬನ್ ಎಷ್ಟಿದೆ ಎಂದು ನೋಡಿ ಹೇಳಿ ಎಂದೆವು. ಒಂದು ಕಡೆಯಿಂದ 90 ಪಿಪಿಎಂ (ಅಂದರೆ ಹತ್ತು ಲಕ್ಷದಲ್ಲಿ 90 ಪಾಲು) ಬಂತು, ಇನ್ನೊಂದು ಕಡೆಯಿಂದ 160. ಎರಡೂ ಕಡೆ ಇರುವುದು ಒಂದೇ ಥರದ ಯಂತ್ರ. ಆಕ್ಸಿಜನ್‌ನಲ್ಲಿ ಸುಟ್ಟು ಇನ್ಫ್ರಾರೆಡ್‌ನಲ್ಲಿ ಅಳೆಯುವಂಥದ್ದು. ಅದರ ಪರದೆಯ ಮೇಲೆ 0.1 ಪಿಪಿಎಂವರೆಗೂ ಅಂಕಿ ಬರುತ್ತದೆ. ಹಾಗಿದ್ದ ಮೇಲೆ ಇಷ್ಟು ವ್ಯತ್ಯಾಸ ಏಕೆ? ಯಾವುದನ್ನು ನಂಬಬೇಕು? ಮುಂದೆ ಕ್ಯಾಲ್ಸಿಯಂ, ಲಿಥಿಯಂಗಳಲ್ಲೂ ಕಾರ್ಬನ್ ನೋಡಬೇಕಾಗಿದೆ. ಅದಕ್ಕೂ ಇದೇ ಯಂತ್ರ ಸಾಕಾಗುತ್ತದಾ?

ಉತ್ತರ: ಮೊದಲು ನಿಮ್ಮ ಗಾಬರಿ ಸ್ವಲ್ಪ ಇಳಿಸುತ್ತೇನೆ. ಮಾಮೂಲಿ ಟೈಟಾನಿಯಂನಲ್ಲಿ, ಅದು ಗ್ರೇಡ್ 2 ಇರಲಿ, ಅಲ್ಯೂಮಿನಿಯಂ ಮತ್ತು ವನೇಡಿಯಂ ಬೆರೆತ ಗ್ರೇಡ್ 5 ಇರಲಿ, ಕಾರ್ಬನ್‌ಗೆ ಇರುವ ಮಿತಿ ಶೇ. 0.08. ಅಂದರೆ 800 ಪಿಪಿಎಂ. ನಿಮ್ಮ 90 ಕೂಡ ಪಾಸು, 160 ಕೂಡ ಪಾಸು. ಸರಳು ಒಪ್ಪಿಗೆಯಾಗುತ್ತದಾ ಇಲ್ಲವಾ ಎನ್ನುವುದಷ್ಟೇ ನಿಮ್ಮ ಚಿಂತೆಯಾಗಿದ್ದರೆ ಇಲ್ಲಿಗೇ ಮಾತು ಮುಗಿಯಿತು. ಜಿರ್ಕೋನಿಯಂ ಆಗಿದ್ದರೆ ಕಥೆ ಬೇರೆ. ಅಣು ಇಂಧನದ ಕೊಳವೆಗೆ ಬಳಸುವ ಜಿರ್ಕಲಾಯ್‌ನಲ್ಲಿ ಮಿತಿ 270 ಪಿಪಿಎಂ. ಅಲ್ಲಿ 70 ಪಿಪಿಎಂ ಹೆಚ್ಚುಕಡಿಮೆಯಾದರೆ ಇಡೀ ಲಾಟ್ ವಾಪಸ್ ಹೋಗಬಹುದು. ಹಾಗಾಗಿ ನೀವು ಕೇಳಿದ್ದು ಸರಿಯಾದ ಪ್ರಶ್ನೆಯೇ.

ನನ್ನ ಅನುಮಾನ ಇಷ್ಟು: ಎರಡು ಯಂತ್ರಗಳೂ ಸರಿಯಾಗಿಯೇ ಅಳೆದಿವೆ. ಅಳೆದದ್ದು ಮಾತ್ರ ಬರೀ ನಿಮ್ಮ ಸರಳಿನ ಕಾರ್ಬನ್ ಅಲ್ಲ.

ಯಂತ್ರದ ಕೆಲಸ ಸರಳ. ಪಿಂಗಾಣಿಯಂಥ ಒಂದು ಪುಟ್ಟ ಕ್ರೂಸಿಬಲ್‌ನಲ್ಲಿ ಲೋಹದ ಚೂರು ಹಾಕುತ್ತಾರೆ. ಅದರ ಜೊತೆ ಟಂಗ್‌ಸ್ಟನ್, ತವರ, ಕಬ್ಬಿಣ, ತಾಮ್ರ, ಇವುಗಳಲ್ಲಿ ಒಂದೆರಡನ್ನು ಸೇರಿಸುತ್ತಾರೆ. ಲ್ಯಾಬ್‌ನವರು ಇದನ್ನು ಆಕ್ಸಲರೇಟರ್ ಅನ್ನುತ್ತಾರೆ. ಇಂಡಕ್ಷನ್ ಫರ್ನೇಸ್‌ನಲ್ಲಿ ಆಕ್ಸಿಜನ್ ಹರಿಸುತ್ತಾ ಎಲ್ಲವನ್ನೂ ಸುಡುತ್ತಾರೆ. ಒಳಗಿನ ಕಾರ್ಬನ್ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಸ್ವಲ್ಪ ಮಾನಾಕ್ಸೈಡ್ ಆದರೂ ಮುಂದೆ ಒಂದು ಕ್ಯಾಟಲಿಸ್ಟ್ ಅದನ್ನು ಡೈಆಕ್ಸೈಡ್ ಮಾಡಿಬಿಡುತ್ತದೆ. ಧೂಳು, ತೇವ ದಾರಿಯಲ್ಲೇ ಸೋಸಿಹೋಗುತ್ತವೆ. ಕೊನೆಗೆ 4.26 ಮೈಕ್ರೋಮೀಟರ್ ತರಂಗದ ಇನ್ಫ್ರಾರೆಡ್ ಬೆಳಕನ್ನು ಆ ಗಾಳಿ ಎಷ್ಟು ಹೀರಿಕೊಂಡಿತು ಎಂದು ನೋಡುತ್ತಾರೆ. ಒಂದು ನಿಮಿಷದ ಆಸುಪಾಸಿನ ಕೆಲಸ. ಈ ಡಿಟೆಕ್ಟರ್ ತುಂಬಾ ಚುರುಕು. ಆದರೆ ಅದಕ್ಕೆ ಗೊತ್ತಾಗುವುದು ಎಷ್ಟು ಕಾರ್ಬನ್ ಬಂತು ಎಂಬುದು ಮಾತ್ರ. ಎಲ್ಲಿಂದ ಬಂತು ಎಂದು ಗೊತ್ತಾಗುವುದಿಲ್ಲ.

ಎಲ್ಲಿಂದೆಲ್ಲ ಬರಬಹುದು? ಒಂದು ಗ್ರಾಂ ಲೋಹದಲ್ಲಿ 1 ಪಿಪಿಎಂ ಅಂದರೆ 1 ಮೈಕ್ರೋಗ್ರಾಂ. ಇದನ್ನು ತಲೆಯಲ್ಲಿಟ್ಟುಕೊಳ್ಳಿ. ನಾವು ಬಿಡುವ ಉಸಿರಿನಲ್ಲಿ ಸುಮಾರು ಶೇ. 4 ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಹಾಗಾಗಿ ಒಂದೇ ಒಂದು ಸಿಸಿ ಉಸಿರಿನಲ್ಲಿ 20 ಮೈಕ್ರೋಗ್ರಾಂ ಕಾರ್ಬನ್. ಕೋಣೆಯ ಗಾಳಿ ಪರವಾಗಿಲ್ಲ, ಐದು ಸಿಸಿಗೆ 1 ಮೈಕ್ರೋಗ್ರಾಂ. ಅದನ್ನು ಸುಡುವ ಮುಂಚೆ ಆಕ್ಸಿಜನ್ ಹರಿಸಿ ಹೊರಗಟ್ಟಬಹುದು. ಆಕ್ಸಿಜನ್ ಸಿಲಿಂಡರ್‌ನಲ್ಲೇ 1 ಪಿಪಿಎಂ ಮೀಥೇನ್ ಇದ್ದರೆ? ಒಂದು ಸಲ ಸುಡಲು ಎರಡು ಲೀಟರ್ ಹರಿದರೂ 1 ಮೈಕ್ರೋಗ್ರಾಂ ಸೇರಿತು. ಇದು ಸ್ವಲ್ಪ ಕಳ್ಳ ಕಾರ್ಬನ್. ಕುಲುಮೆ ತಣ್ಣಗಿದ್ದಾಗ ಮೀಥೇನ್ ಹಾಗೇ ದಾಟಿಹೋಗುತ್ತದೆ, ಡಿಟೆಕ್ಟರ್‌ಗೆ ಕಾಣುವುದೇ ಇಲ್ಲ. ಸುಡುವಾಗ ಮಾತ್ರ ಡೈಆಕ್ಸೈಡ್ ಆಗಿ ಪ್ರತ್ಯಕ್ಷವಾಗುತ್ತದೆ. ಅದಕ್ಕೇ ಒಳ್ಳೆಯ ಲ್ಯಾಬ್‌ಗಳಲ್ಲಿ ಆಕ್ಸಿಜನ್ನನ್ನು ಮೊದಲು ಬಿಸಿ ತಾಮ್ರದ ಆಕ್ಸೈಡ್ ಮೇಲೆ ಹಾಯಿಸಿ, ಆಮೇಲೆ ಡೈಆಕ್ಸೈಡ್ ಹೀರುವ ಕ್ಷಾರದ ಮೂಲಕ ಬಿಡುತ್ತಾರೆ.

ಕ್ರೂಸಿಬಲ್ ಇನ್ನೊಂದು. ಪೊಟ್ಟಣದಿಂದ ತೆಗೆದದ್ದನ್ನು ಹಾಗೇ ಬಳಸಿದರೆ ಹತ್ತಾರು ಮೈಕ್ರೋಗ್ರಾಂ ಕಾರ್ಬನ್ ಅದರಿಂದಲೇ ಬರಬಹುದು. 1000 ಡಿಗ್ರಿ ಅಥವಾ ಅದಕ್ಕೂ ಜಾಸ್ತಿ ಬಿಸಿಯಲ್ಲಿ ಸುಟ್ಟು, ಡೆಸಿಕೇಟರ್‌ನಲ್ಲಿ (ತೇವ ತಾಗದಂತೆ ಮುಚ್ಚಿಡುವ ಪಾತ್ರೆಯಲ್ಲಿ) ಇಟ್ಟು, ಅವತ್ತೇ ಬಳಸಬೇಕು. ಇಕ್ಕಳದಲ್ಲೇ ಹಿಡಿಯಬೇಕು. ಕೈ ಮುಟ್ಟಿದಿರೋ, ಬೆರಳಿನ ಜಿಡ್ಡು ಅಂಟಿತು. ಮತ್ತೆ ಸುಡಬೇಕು. ಆಕ್ಸಲರೇಟರ್‌ನಲ್ಲೂ ತನ್ನದೇ ಕಾರ್ಬನ್ ಇರುತ್ತದೆ. ಕಡಿಮೆ ಕಾರ್ಬನ್‌ನದ್ದು ಎಂದು ಬೇರೆಯಾಗಿ ಮಾರುತ್ತಾರೆ, ಅದನ್ನೇ ತರಿಸಬೇಕು.

ಇದೆಲ್ಲ ಸೇರಿ ಬರುವ ಲೆಕ್ಕವೇ ಬ್ಲ್ಯಾಂಕ್. ಲೋಹ ಹಾಕದೆ ಉಳಿದೆಲ್ಲವನ್ನೂ ಹಾಕಿ ಸುಟ್ಟರೆ ಬರುವ ಕಾರ್ಬನ್. ಬ್ಲ್ಯಾಂಕ್ ದೊಡ್ಡದಿದ್ದರೆ ಅಷ್ಟೇನೂ ಕೇಡಿಲ್ಲ, ಕಳೆದುಬಿಡಬಹುದು. ಅದು ಒಂದೊಂದು ಸಲ ಒಂದೊಂದು ಥರ ಬಂದರೆ ಮಾತ್ರ ಕಷ್ಟ. ಹತ್ತು ಬ್ಲ್ಯಾಂಕ್ ಸುಟ್ಟು ನೋಡಿ. ಅವುಗಳ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 1 ಮೈಕ್ರೋಗ್ರಾಂ ಬಂತು ಅಂದುಕೊಳ್ಳಿ. ಅದರ ಮೂರು ಪಟ್ಟು ಕಾರ್ಬನ್ ಇದ್ದರೆ 'ಇದೆ' ಎನ್ನಬಹುದು. ಹತ್ತು ಪಟ್ಟು ಇದ್ದರೆ 'ಇಷ್ಟಿದೆ' ಎನ್ನಬಹುದು. ಅರ್ಧ ಗ್ರಾಂ ಲೋಹಕ್ಕೆ ಇದು 6 ಪಿಪಿಎಂ ಮತ್ತು 20 ಪಿಪಿಎಂ ಆಯಿತು. ರಿಯಾಕ್ಟಿವ್ (ಬೇಗ ಬೇರೆಯದರ ಜೊತೆ ಸೇರಿಕೊಳ್ಳುವ) ಮತ್ತು ರಿಫ್ರಾಕ್ಟರಿ (ಸುಲಭಕ್ಕೆ ಕರಗದ) ಲೋಹಗಳಲ್ಲಿ ಕಾರ್ಬನ್ ಅಳೆಯಲು ಬಳಸುವ, ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆಯ ಇ1941 ವಿಧಾನ ಕೂಡ 20ರಿಂದ 500 ಪಿಪಿಎಂವರೆಗೆ ಎಂದೇ ಹೇಳಿಕೊಳ್ಳುತ್ತದೆ. ಪರದೆಯ ಮೇಲೆ ಬರುವ 0.1 ಪಿಪಿಎಂ ಅಂಕಿಗೆ ಮರುಳಾಗಬೇಡಿ. ಗಡಿಯಾರದಲ್ಲಿ ಸೆಕೆಂಡಿನ ಮುಳ್ಳಿದೆ ಎಂದ ಮಾತ್ರಕ್ಕೆ ಅದು ಸರಿಯಾದ ಸಮಯ ತೋರಿಸುತ್ತದೆ ಎಂದಲ್ಲ, ಅಲ್ವಾ?

ಆದರೆ ನಿಮ್ಮ 70 ಪಿಪಿಎಂ ವ್ಯತ್ಯಾಸಕ್ಕೆ ಬ್ಲ್ಯಾಂಕ್ ಒಂದೇ ಕಾರಣ ಇರಲಾರದು. ನನ್ನ ಕಣ್ಣು ಲೋಹದ ಮೇಲ್ಮೈ ಮೇಲಿದೆ. ಒಂದು ಲೆಕ್ಕ ಮಾಡಿ ತೋರಿಸುತ್ತೇನೆ.

ಒಂದು ಗ್ರಾಂ ಟೈಟಾನಿಯಂ ತೆಗೆದುಕೊಳ್ಳಿ. ಸಾಂದ್ರತೆ 4.5. ಇದನ್ನು ಒಂದು ಗಟ್ಟಿ ಘನದ ಹಾಗೆ ಕತ್ತರಿಸಿದರೆ ಒಂದೊಂದು ಬದಿ 6 ಮಿಲಿಮೀಟರ್, ಆರು ಮುಖ ಸೇರಿ 2.2 ಚದರ ಸೆಂಟಿಮೀಟರ್. ಅದೇ ಒಂದು ಗ್ರಾಂ ಅನ್ನು ಲೇತ್‌ನಲ್ಲಿ 0.1 ಮಿಲಿಮೀಟರ್ ದಪ್ಪದ ಸುರುಳಿಯಾಗಿ ಹೆರೆದರೆ, ಎರಡೂ ಬದಿ ಸೇರಿ 44 ಚದರ ಸೆಂಟಿಮೀಟರ್. ಇಪ್ಪತ್ತು ಪಟ್ಟು. ಈಗ ಎರಡರ ಮೇಲೂ 20 ನ್ಯಾನೋಮೀಟರ್ ದಪ್ಪದ ಎಣ್ಣೆಯ ಪದರ ಇದೆ ಅನ್ನಿ. ಕಣ್ಣಿಗೆ ಕಾಣುವುದಿಲ್ಲ, ಮುಟ್ಟಿದರೂ ತಿಳಿಯುವುದಿಲ್ಲ. ಅಂಥ ಪದರದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 1.5 ಮೈಕ್ರೋಗ್ರಾಂ ಕಾರ್ಬನ್. ಗಟ್ಟಿ ತುಂಡಿನಲ್ಲಿ ಇದು 3 ಪಿಪಿಎಂ ಸೇರಿಸುತ್ತದೆ, ಯಾರೂ ಗಮನಿಸುವುದಿಲ್ಲ. ಸುರುಳಿಯಲ್ಲಿ 68 ಪಿಪಿಎಂ! ನಿಮ್ಮ ಎರಡು ರಿಪೋರ್ಟ್‌ಗಳ ವ್ಯತ್ಯಾಸ ಎಷ್ಟಿತ್ತು? 70. ಇದೇ ಕಾರಣ ಎಂದು ನಾನು ಆಣೆ ಮಾಡಿ ಹೇಳುತ್ತಿಲ್ಲ. ಆದರೆ ಕೇಳಬೇಕಾದ ಮೊದಲ ಪ್ರಶ್ನೆ ಇದು: ಸ್ಯಾಂಪಲ್ ಗಟ್ಟಿ ತುಂಡಾಗಿತ್ತಾ, ಸುರುಳಿಯಾಗಿತ್ತಾ?

ಹಾಗಾಗಿ ಗಟ್ಟಿ ತುಂಡೇ ಒಳ್ಳೆಯದು. ಸುರಕ್ಷತೆಗೂ ಅದೇ ಸರಿ. ಟೈಟಾನಿಯಂ, ಜಿರ್ಕೋನಿಯಂಗಳ ನುಣ್ಣನೆ ಚೂರು ಬೆಂಕಿಗೆ ಕಾದು ಕುಳಿತಂತೆ ಇರುತ್ತದೆ. ಹೊತ್ತಿಕೊಂಡರೆ ನೀರೂ ಹಾಕುವಂತಿಲ್ಲ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ನಡೆಯುವುದಿಲ್ಲ. ಲೋಹದ ಬೆಂಕಿಗೆಂದೇ ಇರುವ ಪುಡಿ ಅಥವಾ ಪೂರ್ತಿ ಒಣಗಿದ ಮರಳು ಹತ್ತಿರ ಇಟ್ಟುಕೊಳ್ಳಬೇಕು.

ಕತ್ತರಿಸುವುದರಲ್ಲಿ ನಾನೇ ಒಮ್ಮೆ ಮುಗ್ಗರಿಸಿದ್ದೇನೆ. ಒಂದು ಜಿರ್ಕೋನಿಯಂ ತಗಡು. ಎಣ್ಣೆ ಮುಟ್ಟಿಸಲೇ ಇಲ್ಲ, ಅಸಿಟೋನ್‌ನಲ್ಲಿ ಎರಡು ಸಲ ತೊಳೆದೆ, ಮೇಲ್ಮೈ ಹೊಳೆಯಲಿ ಎಂದು ಮರಳು ಕಾಗದದಲ್ಲಿ ಚೆನ್ನಾಗಿ ಉಜ್ಜಿದೆ. ಕಾರ್ಬನ್ ಇಳಿಯುವ ಬದಲು ಏರಿತು. ಮತ್ತೆ ಉಜ್ಜಿದೆ, ಇನ್ನೂ ಏರಿತು. ಎರಡು ದಿನ ಆಕ್ಸಿಜನ್ ಸಿಲಿಂಡರನ್ನು ಬೈದೆ. ಕೊನೆಗೆ ತಗಡನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟಾಗ ಕಂಡಿತು: ಕಪ್ಪು ಕಪ್ಪು ಹರಳುಗಳು, ಲೋಹದೊಳಕ್ಕೆ ನೆಟ್ಟಿದ್ದಂತೆ. ಆ ಕಾಗದದ ಹರಳು ಸಿಲಿಕಾನ್ ಕಾರ್ಬೈಡ್. ಅದರ ತೂಕದಲ್ಲಿ ಶೇ. 30 ಕಾರ್ಬನ್! ಮೆದು ಲೋಹ ಆ ಹರಳನ್ನು ಕಚ್ಚಿ ಹಿಡಿದುಕೊಂಡಿತ್ತು. ಕತ್ತರಿಸುವ ಕಲ್ಲಿನ ಚಕ್ರಗಳಲ್ಲೂ ಇದೇ ಹರಳು ಇರಬಹುದು, ಅಂಟು ರಾಳ ಬೇರೆ ಇರುತ್ತದೆ. ಅಂದಿನಿಂದ ನಾನು ಶುದ್ಧ ಮಾಡಿದ ಕತ್ತರಿ ಅಥವಾ ಕಟ್ಟರ್‌ನಿಂದಲೇ ತುಂಡು ಮಾಡುತ್ತೇನೆ, ಕತ್ತರಿಸಿದ ಮೇಲೆ ಆಮ್ಲದಲ್ಲಿ ಮೇಲ್ಪದರ ತೆಗೆಯುತ್ತೇನೆ.

ಆ ಆಮ್ಲ ಅಂದರೆ ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಬೆರೆಸಿ ನೀರು ಸೇರಿಸಿದ್ದು. ನೈಟ್ರಿಕ್ ಜಾಸ್ತಿ, ಹೈಡ್ರೋಫ್ಲೋರಿಕ್ ಕಡಿಮೆ. ಹೊರಗಿನ ಲೋಹ ಕರಗಿದಾಗ ಅದರ ಜೊತೆ ಎಣ್ಣೆಯೂ ಹೋಗುತ್ತದೆ, ಹರಳಿನ ಸುತ್ತ ಲೋಹ ಕರಗಿ ಹರಳೂ ಉದುರುತ್ತದೆ. ಗಾಜಿನ ಪಾತ್ರೆ ಬೇಡ, ಪ್ಲಾಸ್ಟಿಕ್ ಬೇಕು, ಈ ಆಮ್ಲ ಗಾಜನ್ನೇ ತಿನ್ನುತ್ತದೆ. ಹೈಡ್ರೋಫ್ಲೋರಿಕ್ ಬಗ್ಗೆ ಮಾತ್ರ ಒಂಚೂರೂ ಉಡಾಫೆ ಬೇಡ. ತೆಳು ಆಮ್ಲ ಚರ್ಮಕ್ಕೆ ತಾಗಿದರೆ ತಕ್ಷಣ ನೋವೇ ಗೊತ್ತಾಗದಿರಬಹುದು. ಅಷ್ಟರಲ್ಲಿ ಅದು ಒಳಗಿಳಿದು ದೇಹದ ಕ್ಯಾಲ್ಸಿಯಂಗೆ ಕೈ ಹಾಕಿರುತ್ತದೆ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವ ಕಡೆ ಇಲ್ಲದಿದ್ದರೆ ಬಾಟಲಿ ತೆರೆಯಲೇ ಬೇಡಿ. ಗೊತ್ತಿರುವವರು ಜೊತೆಗಿರಲಿ.

ಆಮ್ಲದ ಮೇಲೆ ನೀರು, ನೀರಿನ ಮೇಲೆ ಶುದ್ಧ ಅಸಿಟೋನ್, ಆಮೇಲೆ ಒಣಗಲು ಬಿಡುವುದು. ಮೆದು ಪ್ಲಾಸ್ಟಿಕ್ ಬಾಟಲಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಅಸಿಟೋನ್ ಬೇಡ. ಅದು ಪ್ಲಾಸ್ಟಿಕ್‌ನಿಂದಲೇ ಏನೇನೋ ಎಳೆದುಕೊಂಡಿರುತ್ತದೆ, ಆರಿದ ಮೇಲೆ ಅದೆಲ್ಲ ಲೋಹದ ಮೇಲೆ ಉಳಿಯುತ್ತದೆ. ಟಿಶ್ಯೂ ಕಾಗದದಲ್ಲಿ ಒರೆಸುವುದೂ ಬೇಡ. ಒಂದು ಎಳೆ ಅಂಟಿದರೂ ಅದು ಕಾರ್ಬನ್ನೇ.

ಇಷ್ಟು ಹೊತ್ತೂ ಜಾಸ್ತಿ ಬರುವ ಕಾರ್ಬನ್ ಬಗ್ಗೆ ಹೇಳಿದೆ. ಕಡಿಮೆ ಬರುವುದೂ ಇದೆ. ಅದು ಇನ್ನೂ ಅಪಾಯ, ಏಕೆಂದರೆ ಕಡಿಮೆ ಬಂದರೆ ಎಲ್ಲರಿಗೂ ಖುಷಿ, ಯಾರೂ ಪ್ರಶ್ನೆ ಕೇಳುವುದಿಲ್ಲ. ಟೈಟಾನಿಯಂ ಸುಟ್ಟರೆ ಆಗುವ ಆಕ್ಸೈಡ್ ಕರಗುವುದು 1843 ಡಿಗ್ರಿಯಲ್ಲಿ. ಜಿರ್ಕೋನಿಯಂ ಆಕ್ಸೈಡ್ ಕರಗಲು 2715 ಡಿಗ್ರಿ ಬೇಕು. ಲೋಹದ ತುಂಡಿನ ಹೊರಗೆ ಈ ಆಕ್ಸೈಡ್ ಗಟ್ಟಿ ಚಿಪ್ಪಿನಂತೆ ಕೂತುಬಿಟ್ಟರೆ ಆಕ್ಸಿಜನ್ ಒಳಗೆ ಹೋಗುವುದಿಲ್ಲ. ಒಳಗಿನ ಲೋಹ ಸುಡುವುದಿಲ್ಲ, ಅದರ ಕಾರ್ಬನ್ ಹೊರಗೆ ಬರುವುದೂ ಇಲ್ಲ. ಯಂತ್ರ ಮಾತ್ರ ಆರಾಮಾಗಿ ಒಂದು ಅಂಕಿ ತೋರಿಸುತ್ತದೆ. ಆಕ್ಸಲರೇಟರ್ ಬೇಕಾಗುವುದು ಮುಖ್ಯವಾಗಿ ಇದಕ್ಕೇ. ಅದು ಕರಗಿ, ಈ ಚಿಪ್ಪನ್ನೂ ಕರಗಿಸಿಕೊಂಡು, ಎಲ್ಲವನ್ನೂ ಹರಿಯುವ ದ್ರವ ಮಾಡಬೇಕು.

ಕರಗಿತೋ ಇಲ್ಲವೋ ತಿಳಿಯಲು ದುಬಾರಿ ಉಪಾಯ ಬೇಡ. ತಣ್ಣಗಾದ ಕ್ರೂಸಿಬಲ್ ಒಳಗೆ ಇಣುಕಿ ನೋಡಿ. ತಳದಲ್ಲಿ ನುಣುಪಾಗಿ, ಮಟ್ಟವಾಗಿ ಹರಡಿಕೊಂಡಿದ್ದರೆ ಸರಿ. ಉಂಡೆಯಂತೆ ನಿಂತಿದ್ದರೆ ಸುತ್ತಿಗೆಯಿಂದ ಒಡೆಯಿರಿ. ಒಳಗೆ ಹೊಳೆಯುವ ಲೋಹ ಕಂಡರೆ ಆ ಅಂಕಿಯನ್ನು ಹರಿದು ಹಾಕಿ. ಪರದೆಯ ಮೇಲೆ ಬರುವ ಗೆರೆಯೂ ಹೇಳುತ್ತದೆ. ಒಂದೇ ಚೂಪು ಶಿಖರ ಬಂದು ಬೇಗ ಇಳಿದರೆ ಚೆನ್ನಾಗಿ ಸುಟ್ಟಿದೆ. ಬಾಲ ಉದ್ದವಾದರೆ, ಅಥವಾ ಎರಡು ಮೂರು ಗುಡ್ಡ ಬಂದರೆ, ಸುಡುವುದು ತಡವರಿಸಿದೆ. ಮೊದಲಿಗೆ ಒಂದು ಪುಟ್ಟ ಗುಡ್ಡ ಬಂದು ಆಮೇಲೆ ದೊಡ್ಡದು ಬಂದರೆ ಮೇಲ್ಮೈಯ ಎಣ್ಣೆ ಮೊದಲು ಉರಿದಿರಬಹುದು.

ಯಂತ್ರವನ್ನು ಹೊಂದಿಸಲು ಹಲವರು ಉಕ್ಕಿನ ಸ್ಟ್ಯಾಂಡರ್ಡ್, ಅಂದರೆ ಎಷ್ಟು ಕಾರ್ಬನ್ ಇದೆ ಎಂದು ಮೊದಲೇ ಗೊತ್ತಿರುವ ಉಕ್ಕು, ಬಳಸುತ್ತಾರೆ. ಅದು ಸುಲಭವಾಗಿ ಸಿಗುತ್ತದೆ, ತಪ್ಪೇನಿಲ್ಲ. ಆದರೆ ಉಕ್ಕು ಎಷ್ಟು ಸಲೀಸಾಗಿ ಉರಿಯುತ್ತದೋ ಜಿರ್ಕೋನಿಯಂ ಅಷ್ಟು ಸಲೀಸಾಗಿ ಉರಿಯುವುದಿಲ್ಲ. ಆದ್ದರಿಂದ ಅದೇ ಲೋಹದ ಒಂದು ಸ್ಟ್ಯಾಂಡರ್ಡ್ ಸುಟ್ಟು ನೋಡಲೇಬೇಕು. ಸಿಗದಿದ್ದರೆ ನಿಮ್ಮ ಲೋಹದ ಜೊತೆಗೇ ಗೊತ್ತಿರುವಷ್ಟು ಕಾರ್ಬನ್ ಇರುವ ಉಕ್ಕಿನ ಚೂರು ಹಾಕಿ ಸುಟ್ಟು, ಹಾಕಿದ್ದು ಪೂರ್ತಿ ವಾಪಸ್ ಬಂತಾ ನೋಡಿ.

ಈಗ ನಿಮ್ಮ ಸರಳಿಗೆ ಬರೋಣ. ಉಳಿದ ತುಂಡು ಇದ್ದರೆ ಯಾವುದಾದರೂ ಒಂದು ಲ್ಯಾಬ್‌ನಲ್ಲಿ ಎರಡು ಪರೀಕ್ಷೆ ಮಾಡಿಸಿ. ಮೊದಲನೆಯದು, ಬೇರೆ ಬೇರೆ ತೂಕ ಹಾಕಿ ಸುಡುವುದು. ಬ್ಲ್ಯಾಂಕ್ ಕಳೆಯದೆ, ಒಟ್ಟು ಬಂದ ಮೈಕ್ರೋಗ್ರಾಂ ಎಷ್ಟು ಎಂದು ಬರೆದುಕೊಳ್ಳಿ. ಉದಾಹರಣೆಗೆ 0.25 ಗ್ರಾಂಗೆ 33, ಅರ್ಧ ಗ್ರಾಂಗೆ 55, ಮುಕ್ಕಾಲಿಗೆ 76, ಒಂದು ಗ್ರಾಂಗೆ 97 ಬಂತು ಅಂದುಕೊಳ್ಳಿ. ಸುಮ್ನೆ ಭಾಗಿಸಿದರೆ ಕಾಲು ಗ್ರಾಂನವನಿಗೆ 132 ಪಿಪಿಎಂ, ಒಂದು ಗ್ರಾಂನವನಿಗೆ 97 ಪಿಪಿಎಂ. ಇಬ್ಬರೂ ಜಗಳ ಆಡಬಹುದು. ಗ್ರಾಫ್ ಹಾಕಿದರೆ ಜಗಳ ಇಲ್ಲ. ಗೆರೆಯ ಏರು ಗ್ರಾಂಗೆ 85 ಮೈಕ್ರೋಗ್ರಾಂ. ತೂಕ ಸೊನ್ನೆ ಇರುವ ಕಡೆ ಗೆರೆ 12ರಲ್ಲಿ ನಿಲ್ಲುತ್ತದೆ. 85 ಪಿಪಿಎಂ ಲೋಹದ್ದು, 12 ಮೈಕ್ರೋಗ್ರಾಂ ಬ್ಲ್ಯಾಂಕಿನದ್ದು.

ಆದರೆ ಇದಕ್ಕೆ ಮೇಲ್ಮೈಯ ಕೊಳೆ ಸಿಗುವುದಿಲ್ಲ. ಒಂದೇ ದಪ್ಪದ ಸುರುಳಿಯಾದರೆ ತೂಕ ಏರಿದಂತೆ ಮೇಲ್ಮೈಯೂ ಏರುತ್ತದೆ, ಕೊಳೆ ಕೂಡ ಲೋಹದ ಕಾರ್ಬನ್ ಥರವೇ ನಟಿಸುತ್ತದೆ. ಅದಕ್ಕೇ ಎರಡನೇ ಪರೀಕ್ಷೆ. ತೂಕ ಒಂದೇ ಇಟ್ಟು ದಪ್ಪ ಬದಲಿಸಿ. ಒಂದು ಗಟ್ಟಿ ಘನ, ಅರ್ಧ ಮಿಲಿಮೀಟರ್ ದಪ್ಪದ ಬಿಲ್ಲೆಗಳು, 0.1 ಮಿಲಿಮೀಟರ್ ಸುರುಳಿ. ಗ್ರಾಂಗೆ ಸುಮಾರು 2, 9, 44 ಚದರ ಸೆಂಟಿಮೀಟರ್ ಮೇಲ್ಮೈ ಆಯಿತು. ಮೂರನ್ನೂ ಒಂದೇ ಥರ ತೊಳೆದು ಸುಟ್ಟು, ಪಿಪಿಎಂ ಅನ್ನು ಮೇಲ್ಮೈ ಎದುರು ಗುರುತಿಸಿ. ಗೆರೆ ಮಟ್ಟವಾಗಿದ್ದರೆ ಸ್ಯಾಂಪಲ್ ಶುದ್ಧ. ಏರುತ್ತಿದ್ದರೆ, ಮೇಲ್ಮೈ ಸೊನ್ನೆ ಇರುವ ಕಡೆಗೆ ಗೆರೆಯನ್ನು ಎಳೆದು ಬರುವ ಅಂಕಿಯೇ ನಿಮ್ಮ ಸರಳಿನದ್ದು. ಪಂದ್ಯ ಕಟ್ಟು ಅಂದರೆ ನಾನು 90ರ ಪಕ್ಕ ಕಟ್ಟುತ್ತೇನೆ. ಟೈಟಾನಿಯಂ ಚೆನ್ನಾಗಿ ಕರಗಿ ಸುಟ್ಟಿದ್ದರೆ ಕಡಿಮೆ ಬಂದ ಲೆಕ್ಕವೇ ಸಾಮಾನ್ಯವಾಗಿ ನಿಜಕ್ಕೆ ಹತ್ತಿರ. ಆ 'ಚೆನ್ನಾಗಿ ಸುಟ್ಟಿದ್ದರೆ' ಅನ್ನುವುದನ್ನು ಮರೆಯಬೇಡಿ.

ಬೇರೆ ಯಂತ್ರ ನೋಡಬಹುದಾ ಎಂದು ಕೆಲವರು ಕೇಳುತ್ತಾರೆ. ಆಮ್ಲದಲ್ಲಿ ಕರಗಿಸಿ ಐಸಿಪಿಯಲ್ಲಿ (ದ್ರಾವಣವನ್ನು ಬಿಸಿ ಪ್ಲಾಸ್ಮಾಕ್ಕೆ ಹಾಯಿಸಿ ಅಳೆಯುವ ಯಂತ್ರದಲ್ಲಿ) ನೋಡುವುದು ಇದಕ್ಕಲ್ಲ, ಕರಗಿಸುವಾಗಲೇ ಕಾರ್ಬನ್ ಅನಿಲವಾಗಿ ಹಾರಿಹೋಗಬಹುದು. ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಗನ್‌ಗೆ ಕಾರ್ಬನ್ ಕಾಣುವುದೇ ಇಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನ ಎಕ್ಸ್‌ರೇ ಕೂಡ ಬೇಡ, ಎಲೆಕ್ಟ್ರಾನ್ ಕಿರಣ ಬಿದ್ದ ಜಾಗದಲ್ಲೇ ಕಾರ್ಬನ್ ಕೂಡಿಕೊಳ್ಳುತ್ತಾ ಹೋಗುತ್ತದೆ. ನನಗೆ ತುಂಬಾ ಇಷ್ಟವಾದ ವಿಧಾನ ಒಂದಿದೆ, ಎಲ್ಲರಿಗೂ ಎಟುಕುವಂಥದ್ದಲ್ಲ. ಲೋಹಕ್ಕೆ ಭಾರೀ ಶಕ್ತಿಯ ಗಾಮಾ ಕಿರಣ ಹಾಯಿಸಿದರೆ ಕಾರ್ಬನ್-12 ಒಂದು ನ್ಯೂಟ್ರಾನ್ ಕಳೆದುಕೊಂಡು ಕಾರ್ಬನ್-11 ಆಗುತ್ತದೆ. ಇದು ವಿಕಿರಣ ಸೂಸುತ್ತದೆ, 20 ನಿಮಿಷಕ್ಕೆ ಅರ್ಧ ಆಗುತ್ತದೆ. ಕಿರಣ ಹಾಯಿಸಿದ ಮೇಲೆ ಲೋಹವನ್ನು ಆಮ್ಲದಲ್ಲಿ ಅದ್ದಿ ಮೇಲ್ಪದರ ತೆಗೆದುಬಿಡುತ್ತಾರೆ, ಹೊರಗಿನ ಕೊಳೆ ಅಲ್ಲಿಗೆ ಹೋಯಿತು. ಆಮೇಲೆ ಕೈ ಜಿಡ್ಡು ತಾಗಲಿ, ಕ್ರೂಸಿಬಲ್‌ನಿಂದ ಬರಲಿ, ಆ ಕಾರ್ಬನ್‌ಗೆ ವಿಕಿರಣ ಇರುವುದಿಲ್ಲ, ಲೆಕ್ಕಕ್ಕೇ ಬರುವುದಿಲ್ಲ. ಬ್ಲ್ಯಾಂಕ್ ಎಂಬ ತಲೆನೋವೇ ಇಲ್ಲ. ಆದರೆ ಅಂಥ ಕಿರಣ ಕೊಡುವ ಆಕ್ಸಲರೇಟರ್ ಬೇಕು (ಇದು ಕಣಗಳನ್ನು ಓಡಿಸುವ ಬೇರೆ ಆಕ್ಸಲರೇಟರ್!), ಗಡಿಯಾರ ಹಿಡಿದು ಓಡಬೇಕು. ಟೈಟಾನಿಯಂ ಕೂಡ ವಿಕಿರಣ ಸೂಸತೊಡಗುವುದರಿಂದ ಕಾರ್ಬನ್ನನ್ನು ಅದರಿಂದ ಬೇರ್ಪಡಿಸಿಯೇ ಎಣಿಸಬೇಕು.

ಇನ್ನು ಕ್ಯಾಲ್ಸಿಯಂ, ಲಿಥಿಯಂ. ಟೈಟಾನಿಯಂಗೆ ಮಾಡಿದ್ದನ್ನೇ ಇಲ್ಲೂ ಮಾಡಿದರೆ ಕೆಡುತ್ತದೆ. ಈ ಲೋಹಗಳ ಆಕ್ಸೈಡ್‌ಗೆ ಕಾರ್ಬನ್ ಡೈಆಕ್ಸೈಡ್ ಕಂಡರೆ ಪ್ರೀತಿ. ಸುಣ್ಣದ ಕಲ್ಲನ್ನು 900 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟರೆ ಡೈಆಕ್ಸೈಡ್ ಬಿಡುತ್ತದೆ. ತಣ್ಣಗಾಗುವಾಗ ಎದುರಿಗೆ ಡೈಆಕ್ಸೈಡ್ ಸಿಕ್ಕರೆ ಮತ್ತೆ ಹಿಡಿದುಕೊಳ್ಳುತ್ತದೆ. ಕ್ಯಾಲ್ಸಿಯಂ ಸುಟ್ಟಾಗಲೂ ಅಷ್ಟೆ, ನೀವು ಅಳೆಯಬೇಕಾದ ಅನಿಲವನ್ನು ಅದರ ಬೂದಿಯೇ ನುಂಗುತ್ತದೆ. ಟಂಗ್‌ಸ್ಟನ್ ಧಾರಾಳವಾಗಿ ಹಾಕಿದರೆ ಅದರ ಆಕ್ಸೈಡ್ ಕ್ಯಾಲ್ಸಿಯಂ ಆಕ್ಸೈಡನ್ನು ಕಟ್ಟಿಹಾಕುತ್ತದೆ, ಡೈಆಕ್ಸೈಡ್ ತಪ್ಪಿಸಿಕೊಂಡು ಹೊರಗೆ ಬರುತ್ತದೆ. ವನೇಡಿಯಂ ಪೆಂಟಾಕ್ಸೈಡ್ ಕೂಡ ಇದೇ ಕೆಲಸ ಮಾಡುತ್ತದೆ. ಲೋಹ ಸ್ವಲ್ಪವೇ ಹಾಕಬೇಕು, ಏಕೆಂದರೆ ಆಕ್ಸಿಜನ್‌ನಲ್ಲಿ ಅದು ಉಗ್ರವಾಗಿ ಉರಿಯುತ್ತದೆ. ಉಕ್ಕಿನ ಚೂರು ಜೊತೆಗೆ ಹಾಕಿ ವಾಪಸ್ ಬಂತಾ ನೋಡುವ ಪರೀಕ್ಷೆ ಇಲ್ಲಿ ಬಿಡುವಂತೆಯೇ ಇಲ್ಲ.

ಲಿಥಿಯಂ ಅನ್ನು ಮಾತ್ರ ಆ ಕ್ರೂಸಿಬಲ್‌ಗೆ ಹಾಕಲೇಬೇಡಿ. ಕರಗಿದ ಲಿಥಿಯಂ ಪಿಂಗಾಣಿಯನ್ನೇ ತಿನ್ನುತ್ತದೆ. ಅದರೊಳಗಿನ ಕಾರ್ಬನ್ ಹೆಚ್ಚಾಗಿ ಕಾರ್ಬೈಡ್ ರೂಪದಲ್ಲಿ ಇರುತ್ತದೆ. ಆ ಕಾರ್ಬೈಡ್‌ಗೆ ನೀರು ತಾಗಿದರೆ ಅಸಿಟಿಲೀನ್ ಬರುತ್ತದೆ. ಹಾಗಾಗಿ ಆರ್ಗಾನ್ ಒಳಗೆ, ಮುಚ್ಚಿದ ಪಾತ್ರೆಯಲ್ಲಿ, ನೀರಿನ ಜೊತೆ ನಿಧಾನವಾಗಿ ಬೆರೆಯಲು ಬಿಟ್ಟು ಬಂದ ಅಸಿಟಿಲೀನನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಲ್ಲಿ (ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ) ಅಳೆಯುತ್ತಾರೆ. ಜೊತೆಗೆ ಬೇಕಾದಷ್ಟು ಹೈಡ್ರೋಜನ್ ಬರುತ್ತದೆ, ಕಿಡಿ ದೂರ ಇರಲಿ. ಆಮೇಲೆ ಆಮ್ಲ ಹಾಕಿದರೆ ಕಾರ್ಬೊನೇಟ್‌ನಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ಆಗಿ ಬರುತ್ತದೆ. ಕರಗದೆ ಉಳಿದ ಕಪ್ಪು ಚರಟ ಇದ್ದರೆ ಸೋಸಿ ಬೇರೆಯಾಗಿ ಸುಡಬೇಕು. ಮೂರು ಲೆಕ್ಕ ಬೇರೆ ಬೇರೆ ಸಿಗುವುದರಲ್ಲಿ ಒಂದು ಲಾಭವೂ ಇದೆ. ಕಾರ್ಬೊನೇಟ್ ಜಾಸ್ತಿ ಇದ್ದರೆ ಅದು ಬಹುಮಟ್ಟಿಗೆ ಗಾಳಿಯ ಕೆಲಸ ಎಂದು ಗೊತ್ತಾಗುತ್ತದೆ.

ಗಾಳಿ ಎಷ್ಟು ಕೆಡಿಸಬಲ್ಲದು ಅಂತೀರಾ? ಒಂದು ಗ್ರಾಂ ಲಿಥಿಯಂ ಘನದ ಮೇಲ್ಮೈ ಸುಮಾರು 9 ಚದರ ಸೆಂಟಿಮೀಟರ್. ಅದರ ಮೇಲೆ ಕೇವಲ 1 ಮೈಕ್ರೋಮೀಟರ್ ಕಾರ್ಬೊನೇಟ್ ಪದರ ಕೂತರೆ 310 ಮೈಕ್ರೋಗ್ರಾಂ ಕಾರ್ಬನ್, ಅಂದರೆ 310 ಪಿಪಿಎಂ. ತೆಳು ಹಾಳೆಯಾದರೆ ಇನ್ನೂ ಎಷ್ಟೋ ಪಟ್ಟು. ಅದಕ್ಕೇ ಗ್ಲೌವ್ ಬಾಕ್ಸ್ (ಹೊರಗಿನಿಂದ ಕೈಗವಸು ತೂರಿಸಿ ಕೆಲಸ ಮಾಡುವ, ಗಾಳಿ ಹೋಗದ ಪೆಟ್ಟಿಗೆ) ಒಳಗೆ ಎಲ್ಲ ಮುಖಗಳನ್ನೂ ಕತ್ತರಿಸಿ ತೆಗೆದು, ಒಳಗಿನ ಹೊಳೆಯುವ ತುಂಡನ್ನು ಅಲ್ಲೇ ತೂಗಿ, ಅಲ್ಲೇ ಪಾತ್ರೆಗೆ ಹಾಕಿ ಮುಚ್ಚಬೇಕು. ಬಾಕ್ಸ್ ಒಳಗೆ ಆರ್ಗಾನೇ ಇರಲಿ, ನೈಟ್ರೋಜನ್ ಬೇಡ, ಲಿಥಿಯಂ ಅದರ ಜೊತೆಗೂ ಸೇರಿಕೊಳ್ಳುತ್ತದೆ. ಎಣ್ಣೆಯಲ್ಲಿ ಮುಳುಗಿಸಿಟ್ಟ ಲಿಥಿಯಂ ಅಂತೂ ಈ ಕೆಲಸಕ್ಕೆ ತರಿಸಲೇಬೇಡಿ. ಆರ್ಗಾನ್ ತುಂಬಿ ಮೊಹರು ಮಾಡಿದ್ದೇ ಬೇಕು ಎಂದು ಆರ್ಡರ್ ಕೊಡುವಾಗಲೇ ಬರೆದುಬಿಡಿ.